ನಿಧಾನ ಓಟಗಾರನ ಲೆಕ್ಕ

ನಮ್ಮೂರಿನಂಥ ಊರಿನಲ್ಲಿ ಐವತ್ತು ದಾಟಿದ ಗಂಡಸು ಓಡುತ್ತಿದ್ದಾನೆಂದರೆ ಜನ ಎರಡೇ ಕಾರಣ ಊಹಿಸುತ್ತಾರೆ. ಒಂದೋ ಬಸ್ಸು ಹೊರಟುಬಿಟ್ಟಿದೆ, ಇಲ್ಲವೇ ನಾಯಿ ಅಟ್ಟಿಸಿಕೊಂಡು ಬರುತ್ತಿದೆ. ಬಸ್ಸೂ ಕಾಣದೆ ನಾಯಿಯೂ ಕಾಣದೆ ಹೋದರೆ ಅವರಿಗೆ ನಿಜವಾದ ಆತಂಕ ಶುರುವಾಗುತ್ತದೆ. "ಏನ್ ಮೇಷ್ಟ್ರೇ, ಮನೇಲೆಲ್ಲ ಚೆನ್ನಾಗಿದಾರಾ?" ಎಂದು ಹಾಲಿನ ಡೇರಿಯ ಮುಂದೆ ಕ್ಯಾನು ಹಿಡಿದು ನಿಂತವರೊಬ್ಬರು ಮೊದಲ ವಾರವೇ ಕೇಳಿದರು. ಓಡುತ್ತಲೇ ಉತ್ತರ ಹೇಳುವಷ್ಟು ಉಸಿರು ನನ್ನಲ್ಲಿರಲಿಲ್ಲ. ಕೈ ಎತ್ತಿ ಮುಂದಕ್ಕೆ ಹೋದೆ. ಮುಂದಕ್ಕೆ ಎಂದರೆ ಬಹಳ ಮುಂದಕ್ಕೇನೂ ಅಲ್ಲ. ತಲೆಯ ಮೇಲೆ ಸೊಪ್ಪಿನ ಬುಟ್ಟಿ ಹೊತ್ತ ಅಜ್ಜಿಯೊಬ್ಬರು ಬೀದಿಯ ಕೊನೆಯವರೆಗೂ ನನ್ನ ಜೊತೆಜೊತೆಗೇ ನಡೆದು ಬಂದರು.

ನಾನು ತಿಪಟೂರು ಸೀಮೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನದ ಮೇಷ್ಟ್ರು. ಆಟೋಟಗಳಿಗೂ ನನಗೂ ಇದ್ದ ಸಂಬಂಧವೆಂದರೆ ಕ್ರೀಡಾಕೂಟದ ದಿನ ಪಿ.ಟಿ. ಮೇಷ್ಟ್ರಿಗೆ ಸ್ಟಾಪ್‌ವಾಚು ಹಿಡಿದುಕೊಡುವುದಷ್ಟೇ. 2022ರ ಮೇ ತಿಂಗಳಲ್ಲಿ ಮಾಡಿಸಿದ ಒಂದು ರಕ್ತಪರೀಕ್ಷೆ ಈ ಸಂಬಂಧವನ್ನು ಬದಲಿಸಿತು. ಎಚ್‌ಬಿಎ1ಸಿ ಎಂಬ ಅಂಶ ನನ್ನ ರಕ್ತದಲ್ಲಿ 6.3 ಇತ್ತು. ಈ ಸಂಖ್ಯೆ 5.7ರಿಂದ 6.4ರವರೆಗೆ ಇದ್ದರೆ ಮಧುಮೇಹದ ಹೊಸ್ತಿಲಲ್ಲಿ ನಿಂತಿದ್ದೀರಿ ಎಂದರ್ಥ; 6.5 ಮುಟ್ಟಿದರೆ ಮನೆಯ ಒಳಗೇ ಬಂದಂತೆ. ನಮ್ಮಪ್ಪ ಆ ಮನೆಯೊಳಗೆ ಹದಿನೆಂಟು ವರ್ಷ ಇದ್ದವರು. ಅವರ ಬಲಗಾಲಿನ ಎರಡು ಬೆರಳುಗಳನ್ನು ತೆಗೆದಾಗ ಆಸ್ಪತ್ರೆಯ ವರಾಂಡದಲ್ಲಿ ಕುಳಿತಿದ್ದವನು ನಾನು. ಹಾಗಾಗಿ 6.3 ನನ್ನ ಪಾಲಿಗೆ ಬರಿಯ ಅಂಕಿಯಾಗಿರಲಿಲ್ಲ.

ಈ ಪರೀಕ್ಷೆಯ ಸ್ವಾರಸ್ಯವನ್ನು ಒಂದಿಷ್ಟು ಹೇಳಬೇಕು. ರಕ್ತದಲ್ಲಿ ಸಕ್ಕರೆ ಹೆಚ್ಚಿದಂತೆ ಅದು ಕೆಂಪು ರಕ್ತಕಣಗಳೊಳಗಿನ ಹಿಮೋಗ್ಲೋಬಿನ್‌ಗೆ ಹೆಚ್ಚು ಹೆಚ್ಚಾಗಿ ಅಂಟಿಕೊಳ್ಳುತ್ತದೆ. ಅಂಟಿಕೊಂಡದ್ದು ಆ ಕಣ ಸಾಯುವ ತನಕ ಬಿಡುವುದಿಲ್ಲ. ಒಂದು ಕೆಂಪು ಕಣದ ಆಯುಸ್ಸು ಸುಮಾರು 120 ದಿನ. ಆದ್ದರಿಂದ ಇವತ್ತು ರಕ್ತ ಕೊಟ್ಟರೆ ಕಳೆದ ಎರಡು ಮೂರು ತಿಂಗಳ ಜಾತಕವೆಲ್ಲ ಹೊರಬೀಳುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಉಪವಾಸ ಮಾಡಿದರೂ ಅಷ್ಟೇ, ಹೋಳಿಗೆ ತಿಂದರೂ ಅಷ್ಟೇ. ರಾತ್ರಿಯೆಲ್ಲ ಕುಳಿತು ಉರು ಹೊಡೆದು ಪಾಸಾಗಲು ಅಲ್ಲಿ ಸಾಧ್ಯವಿಲ್ಲ. ನಮ್ಮ ಶಾಲೆಗಳಲ್ಲೂ ಇಂಥದೊಂದು ಪರೀಕ್ಷೆ ಇದ್ದಿದ್ದರೆ ಎಂದು ನಾನು ಆಗಾಗ ಆಸೆಪಟ್ಟಿದ್ದೇನೆ, ಮಕ್ಕಳು ಕ್ಷಮಿಸಬೇಕು.

ವೈದ್ಯರು ಹೃದಯದ ತಪಾಸಣೆ ಮಾಡಿಸಿ, "ಮಾತ್ರೆ ಈಗಲೇ ಬೇಡ ಮೇಷ್ಟ್ರೇ. ಮೊದಲು ಚುರುಕಾಗಿ ನಡೀರಿ. ಆಮೇಲೆ ನಿಧಾನವಾಗಿ ಓಡಿ" ಎಂದರು. ನನ್ನ ವಯಸ್ಸಿನವರು ಯಾರಾದರೂ ಇದನ್ನು ಓದಿ ನಾಳೆ ಬೆಳಿಗ್ಗೆಯೇ ಹೊರಡುವ ಯೋಚನೆಯಲ್ಲಿದ್ದರೆ ಆ ತಪಾಸಣೆಯನ್ನು ಬಿಡಬೇಡಿ.

ಜೂನ್ ತಿಂಗಳಲ್ಲಿ ನಡಿಗೆ ಶುರುವಾಯಿತು. ಅದರ ನಡುನಡುವೆ ಒಂದೊಂದು ನಿಮಿಷದ ಓಟ. ನಡಿಗೆಯಿಲ್ಲದೆ 5 ಕಿಲೋಮೀಟರು ಪೂರ್ತಿ ಓಡಲು 2023ರ ಜನವರಿಯೇ ಬರಬೇಕಾಯಿತು. ಆ ದಿನ ಹಿಡಿದ ಸಮಯ 46 ನಿಮಿಷ 40 ಸೆಕೆಂಡು. ಕಿಲೋಮೀಟರಿಗೆ 9 ನಿಮಿಷ 20 ಸೆಕೆಂಡು ಎಂದಾಯಿತು. ಬಿರುಸಾಗಿ ನಡೆಯುವವರು ಇದಕ್ಕಿಂತ ಬಹಳ ಹಿಂದೇನೂ ಉಳಿಯುವುದಿಲ್ಲ.

ನಾನು ಓಡುವುದು ಶಾಲೆಯ ಮೈದಾನದಲ್ಲಿ. ಸುಣ್ಣದಲ್ಲಿ ಎಳೆದ 200 ಮೀಟರಿನ ಸುತ್ತು, ಒಂದು ಕಡೆ ತೆಂಗಿನ ತೋಟದ ಬೇಲಿ. ಬೆಳಿಗ್ಗೆ ಐದೂವರೆಗೆ ಅಲ್ಲಿ ಪೊಲೀಸ್ ಕಾನ್‌ಸ್ಟೇಬಲ್ ನೇಮಕಾತಿಗೆ ತಯಾರಾಗುವ ಹುಡುಗರ ಗುಂಪೊಂದು ಬರುತ್ತದೆ. ಆ ನೇಮಕಾತಿಯ ದೈಹಿಕ ಪರೀಕ್ಷೆಯಲ್ಲಿ ಗಂಡು ಹುಡುಗರು 1600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಬೇಕು. ನಮ್ಮ ಮೈದಾನದಲ್ಲಿ ಅದು ಎಂಟು ಸುತ್ತು. ನಾನು ಒಂದು ಸುತ್ತು ಮುಗಿಸುವಷ್ಟರಲ್ಲಿ ಅವರು ಎರಡು ಮುಗಿಸಿ ಮೂರನೆಯದಕ್ಕೆ ಬಿದ್ದಿರುತ್ತಾರೆ. ಅವರಲ್ಲಿ ಹಲವರು ನನ್ನ ಹಳೆಯ ವಿದ್ಯಾರ್ಥಿಗಳು. ಹಿಂದಿನಿಂದ ದಡದಡ ಸದ್ದಾಗುತ್ತದೆ, "ಸಾರ್, ಸೈಡು ಸಾರ್" ಎಂಬ ವಿನಯದ ಕೂಗು ಕೇಳುತ್ತದೆ, ಹತ್ತು ಹನ್ನೆರಡು ಬೆನ್ನುಗಳು ನನ್ನನ್ನು ದಾಟಿ ಹೋಗುತ್ತವೆ. ಇವರಿಗೇ ಅಲ್ಲವೆ ನಾನು ನ್ಯೂಟನ್ನನ ನಿಯಮ ಹೇಳಿಕೊಟ್ಟದ್ದು?

ಆ ಕೂಗಿನಲ್ಲಿ ಲವಲೇಶವೂ ಲೇವಡಿ ಇರಲಿಲ್ಲ. ಇದ್ದಿದ್ದರೆ ಒಂದು ಥರ ವಾಸಿಯಿತ್ತು, ತಿರುಗಿ ಗದರಬಹುದಿತ್ತು. ಅವರ ಮುಖದಲ್ಲಿ ಇದ್ದದ್ದು ಕನಿಕರ. ಇಪ್ಪತ್ತೇಳು ವರ್ಷ ತರಗತಿಯ ಮುಂಭಾಗದಲ್ಲೇ ನಿಂತು ರೂಢಿಯಾದವನಿಗೆ ಹಿಂದಿನ ಬೆಂಚು ಹೇಗಿರುತ್ತದೆಂದು ಅಲ್ಲಿ ಗೊತ್ತಾಯಿತು. ಮೈಯ ದಣಿವು ಸ್ನಾನ ಮಾಡಿದರೆ ಹೋಗುತ್ತದೆ. 'ನಾನೊಬ್ಬನೇ ಹಿಂದೆ' ಎಂಬುದು ತಿಂಡಿಯ ತಟ್ಟೆಯವರೆಗೂ ಬರುತ್ತದೆ, ಶಾಲೆಗೂ ಬರುತ್ತದೆ. ಬೇರೆಯವರ ಎದುರು ಓಡಬಾರದೆಂದು ನಾಲ್ಕು ಗಂಟೆಗೇ ಎದ್ದು ಕತ್ತಲಲ್ಲಿ ಓಡಿ ಮುಗಿಸುವ ಯೋಚನೆಯೂ ಬಂದಿತ್ತು. ಗಣಿತದಲ್ಲಿ ಹಿಂದಿರುವ ಹುಡುಗ ಪುಸ್ತಕವನ್ನು ತೊಡೆಯ ಮೇಲಿಟ್ಟು ಬಾಗಿ ಬರೆಯುವುದನ್ನು ಎಷ್ಟು ಸಲ ನೋಡಿಲ್ಲ ನಾನು! ಕಾಪಿ ಹೊಡೆಯುತ್ತಿದ್ದಾನೆಂದು ನಾವು ಅನುಮಾನಿಸುತ್ತೇವೆ, ಅವನು ಅಡಗಿಕೊಳ್ಳುತ್ತಿರುತ್ತಾನೆ.

ಹೋಲಿಕೆಗೆ ಕೂತರೆ ಅದಕ್ಕೆ ಕೊನೆಯೆಂಬುದೂ ಇಲ್ಲ. ಕೆನ್ಯಾದ ಕೆಲ್ವಿನ್ ಕಿಪ್ಟಮ್ 2023ರ ಅಕ್ಟೋಬರಿನಲ್ಲಿ ಶಿಕಾಗೊದಲ್ಲಿ 42.195 ಕಿಲೋಮೀಟರಿನ ಮ್ಯಾರಥಾನನ್ನು 2 ಗಂಟೆ 35 ಸೆಕೆಂಡಿನಲ್ಲಿ ಓಡಿದ. ನಮ್ಮ ಮೈದಾನದ ಲೆಕ್ಕಕ್ಕೆ ಇಳಿಸಿದರೆ 211 ಸುತ್ತು, ಒಂದೊಂದು ಸುತ್ತಿಗೂ 34 ಸೆಕೆಂಡು. ನನಗೆ ಆಗ ಒಂದು ಸುತ್ತಿಗೆ 112 ಸೆಕೆಂಡು ಬೇಕಿತ್ತು. ಅವನ ಮುಂದೆ ನಮ್ಮ ಪೊಲೀಸ್ ಹುಡುಗರೂ ಸೊಪ್ಪಿನ ಅಜ್ಜಿಯ ಜೊತೆಗೇ ಸೇರಬೇಕಾದವರು.

ಇನ್ನೊಂದು ತುದಿಯಲ್ಲಿ ಜಪಾನಿನ ಶಿಜೊ ಕನಕುರಿ ಇದ್ದಾರೆ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನ ಮ್ಯಾರಥಾನ್ ದಿನ ವಿಪರೀತ ಸೆಕೆ. ಅರ್ಧ ದಾರಿಯಲ್ಲಿ ಬಸವಳಿದ ಕನಕುರಿಯವರನ್ನು ದಾರಿ ಪಕ್ಕದ ಮನೆಯವರು ಉಪಚರಿಸಿದರು. ಆತ ಅಧಿಕಾರಿಗಳಿಗೆ ತಿಳಿಸದೆ ಸುಮ್ಮನೆ ಊರಿಗೆ ಹೊರಟುಹೋದರು. 1967ರಲ್ಲಿ ಸ್ವೀಡನ್ನಿನವರು ಅವರನ್ನು ಕರೆಸಿ ಓಟ ಮುಗಿಸಿಕೊಟ್ಟರು. ಆಗ ಅವರಿಗೆ 75 ವರ್ಷ. ಘೋಷಿಸಿದ ಸಮಯ 54 ವರ್ಷ 8 ತಿಂಗಳು 6 ದಿನ 5 ಗಂಟೆ 32 ನಿಮಿಷ 20 ಸೆಕೆಂಡು ಮತ್ತು ಚಿಲ್ಲರೆ. ಇದನ್ನು ತರಗತಿಯಲ್ಲಿ ಹೇಳಿದರೆ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಆ ನಡುವಿನ ವರ್ಷಗಳಲ್ಲಿ ಆತ ಇನ್ನೆರಡು ಒಲಿಂಪಿಕ್ಸ್‌ಗಳಲ್ಲಿ ಓಡಿದರು, ಜಪಾನಿನಲ್ಲಿ ಇಂದಿಗೂ ನಡೆಯುವ ಹಕೋನೆ ರಿಲೇ ಓಟವನ್ನು 1920ರಲ್ಲಿ ಶುರುಮಾಡಿದವರಲ್ಲಿ ಒಬ್ಬರಾದರು ಎಂಬುದನ್ನೂ ಸೇರಿಸಿ ಹೇಳುತ್ತೇನೆ. ಆಗ ನಗು ಸ್ವಲ್ಪ ಕಡಿಮೆಯಾಗುತ್ತದೆ.

ವಿಜ್ಞಾನದ ಮೇಷ್ಟ್ರಾದ್ದರಿಂದ ನಾನು ಸಮಾಧಾನವನ್ನು ಹುಡುಕಿದ್ದು ಮೈಯೊಳಗೆ. ಓಡತೊಡಗಿದವನ ದೇಹದಲ್ಲಿ ಬೇರೆ ಬೇರೆ ಭಾಗಗಳು ಬೇರೆ ಬೇರೆ ವೇಗದಲ್ಲಿ ಬದಲಾಗುತ್ತವೆ. ಎಲ್ಲಕ್ಕಿಂತ ಮೊದಲು ರಕ್ತದ ನೀರಿನಂಶ ಹೆಚ್ಚುತ್ತದೆ. ಅದಕ್ಕೆ ಒಂದೆರಡು ವಾರ ಸಾಕು. ಸ್ನಾಯುಗಳ ಕಥೆ ಬೇರೆ. ಸ್ನಾಯುವಿನ ಜೀವಕೋಶದೊಳಗೆ ಮೈಟೊಕಾಂಡ್ರಿಯಾ ಎಂಬ ಪುಟ್ಟ ಒಲೆಗಳಿರುವುದು ಒಂಬತ್ತನೇ ತರಗತಿಯ ಮಕ್ಕಳಿಗೂ ಗೊತ್ತು. ಜಾನ್ ಹೊಲೋಜಿ ಎಂಬ ಅಮೆರಿಕದ ವಿಜ್ಞಾನಿ ವಾರಗಟ್ಟಲೆ ಇಲಿಗಳನ್ನು ಓಡಿಸಿ, ಅವುಗಳ ಸ್ನಾಯುವಿನಲ್ಲಿ ಈ ಒಲೆಗಳ ಉರಿಯುವ ಶಕ್ತಿ ಹೆಚ್ಚುಕಡಿಮೆ ಎರಡರಷ್ಟಾದುದನ್ನು 1967ರಲ್ಲಿ ಪ್ರಕಟಿಸಿದರು. ಗಮನಿಸಿ, ಅದೇ ಕನಕುರಿಯವರು ಓಟ ಮುಗಿಸಿದ ವರ್ಷ. ಸ್ನಾಯುವಿನ ಸುತ್ತ ಹೊಸ ಲೋಮನಾಳಗಳು ಹಬ್ಬುವುದಕ್ಕೆ ವಾರಗಳು, ತಿಂಗಳುಗಳು ಬೇಕು. ಎಲ್ಲರಿಗಿಂತ ಸೋಮಾರಿಯೆಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು. ಅದಕ್ಕೆ ರಕ್ತದ ಸರಬರಾಜೇ ಕಡಿಮೆ. ಗಟ್ಟಿಯಾಗುವುದಕ್ಕೆ ಅದು ತನ್ನದೇ ಕಾಲ ತೆಗೆದುಕೊಳ್ಳುತ್ತದೆ. ಉತ್ಸಾಹದಲ್ಲಿ ಎರಡೇ ತಿಂಗಳಿಗೆ ವೇಗ ಹೆಚ್ಚಿಸಿದವರು ಹಿಮ್ಮಡಿಗೆ ಎಣ್ಣೆ ತಿಕ್ಕಿಕೊಂಡು ಕೂರುವುದು ಈ ಕಾರಣಕ್ಕೆ. ಉಸಿರು ತಯಾರಾಗಿರುತ್ತದೆ, ರಜ್ಜು ಆಗಿರುವುದಿಲ್ಲ.

ಹಾಗಾದರೆ ಎಷ್ಟು ನಿಧಾನ? ಓಡುತ್ತಾ ಒಂದು ಪೂರ್ತಿ ವಾಕ್ಯ ಮಾತಾಡಲು ಬರಬೇಕು, ಅಷ್ಟು. ಜೊತೆಗೆ ಯಾರೂ ಇಲ್ಲದ್ದರಿಂದ ನಾನು ಹದಿಮೂರರ ಮಗ್ಗಿ ಹೇಳಿಕೊಳ್ಳುತ್ತೇನೆ. 'ಹದಿಮೂರೇಳಲಿ ತೊಂಬತ್ತೊಂದು' ಎನ್ನುವಲ್ಲಿ ಏದುಸಿರು ಬಂದರೆ ವೇಗ ಹೆಚ್ಚಾಯಿತೆಂದು ಅರ್ಥ. ನಿಧಾನವಾಗಿ ಓಡಿದರೆ ಪ್ರಯೋಜನ ಕಡಿಮೆಯಲ್ಲವೆ ಎಂದು ಒಬ್ಬ ಹುಡುಗ ಕೇಳಿದ್ದ. ಖರ್ಚಾಗುವ ಶಕ್ತಿಯ ಮಟ್ಟಿಗೆ ಹೇಳುವುದಾದರೆ, ಓಟದಲ್ಲಿ ಒಂದು ಕಿಲೋಮೀಟರಿಗೆ ದೇಹದ ತೂಕದ ಕಿಲೋ ಒಂದಕ್ಕೆ ಸುಮಾರು ಒಂದು ಕಿಲೋ ಕ್ಯಾಲೊರಿ ಬೇಕು. ವೇಗ ಬದಲಾದರೂ ಈ ಲೆಕ್ಕ ಬಹಳ ಬದಲಾಗುವುದಿಲ್ಲ. 74 ಕಿಲೋ ತೂಗುವ ನಾನು 5 ಕಿಲೋಮೀಟರು ಓಡಿದರೆ ಸುಮಾರು 370. ನನ್ನಷ್ಟೇ ತೂಕದ ಪೊಲೀಸ್ ಹುಡುಗ ಅರ್ಧ ಹೊತ್ತಿನಲ್ಲಿ ಓಡಿ ಮುಗಿಸಿದರೂ ಹೆಚ್ಚುಕಡಿಮೆ ಅಷ್ಟೇ.

ಪ್ರತಿ ಓಟವನ್ನೂ ಒಂದು ನೋಟುಪುಸ್ತಕದಲ್ಲಿ ಬರೆದಿಡುವುದು ನನ್ನ ಪದ್ಧತಿ. ದಿನಾಂಕ, ದೂರ, ಸಮಯ, ಬೆಳಗಿನ ನಾಡಿ. ಒಂದು ವಾರದ ಪುಟವನ್ನು ಇನ್ನೊಂದರ ಪಕ್ಕ ಇಟ್ಟು ನೋಡಿದರೆ ಏನೂ ಕಾಣುವುದಿಲ್ಲ. ಒಂದು ದಿನ ಹತ್ತು ಸೆಕೆಂಡು ಮುಂದೆ, ಮರುದಿನ ಇಪ್ಪತ್ತು ಸೆಕೆಂಡು ಹಿಂದೆ. ಚಿಕುನ್‌ಗುನ್ಯಾ ಬಂದ ಮೇಲೆ ಎರಡು ತಿಂಗಳ ಪುಟಗಳು ನೋಡುವ ಹಾಗೆಯೇ ಇಲ್ಲ. ಆದರೆ ಅದನ್ನೆಲ್ಲ ಗ್ರಾಫ್ ಹಾಳೆಯ ಮೇಲೆ ಹಾಕಿದಾಗ ಗೆರೆಯ ಓಲುವೆ ತಿಳಿಯಿತು. 2025ರ ಜುಲೈನಲ್ಲಿ 5 ಕಿಲೋಮೀಟರಿಗೆ 38 ನಿಮಿಷ. ಎಂದರೆ ಎರಡೂವರೆ ವರ್ಷದಲ್ಲಿ ಕಿಲೋಮೀಟರಿಗೆ 104 ಸೆಕೆಂಡು ಉಳಿದಿದೆ. ವಾರಗಳು 130. ವಾರಕ್ಕೆ ಒಂದು ಸೆಕೆಂಡೂ ಇಲ್ಲ! ಇಷ್ಟು ಸಣ್ಣ ಪ್ರಗತಿಯನ್ನು ಯಾವ ಗಡಿಯಾರವೂ ಆ ವಾರವೇ ತೋರಿಸಲಾರದು. ಬೆಳಗಿನ ನಾಡಿ 82ರಿಂದ 66ಕ್ಕೆ ಇಳಿದಿದೆ. ನಿಮಿಷಕ್ಕೆ 16 ಬಡಿತ ಕಡಿಮೆಯಾದರೆ ದಿನಕ್ಕೆ 23,040 ಆಗುತ್ತದೆ. 6.3 ಇದ್ದದ್ದು 6.1 ಆಗಿ, ಆಮೇಲೆ 5.8ಕ್ಕೆ ಬಂದು ನಿಂತಿದೆ. ಹೊಸ್ತಿಲು ದಾಟಿ ಅಂಗಳಕ್ಕೆ ಇನ್ನೂ ಇಳಿದಿಲ್ಲ. ಅಂತೂ ಬೆನ್ನು ಮನೆಯ ಕಡೆಗಿದೆ, ಮುಖ ಅಂಗಳದ ಕಡೆಗೆ.

2024ರ ಏಪ್ರಿಲ್ ಕೊನೆಯ ಭಾನುವಾರ ಬೆಂಗಳೂರಿನ ವರ್ಲ್ಡ್ 10ಕೆ ಓಟಕ್ಕೂ ಹೋಗಿಬಂದೆ. 2008ರಿಂದ ನಡೆಯುತ್ತಿರುವ ಓಟ ಅದು. ನನಗೆ 1 ಗಂಟೆ 26 ನಿಮಿಷ ಹಿಡಿಯಿತು. ಅಲ್ಲಿ ನನಗಿಂತ ಹಿಂದೆಯೂ ಬಹಳ ಜನ ಇದ್ದರೆಂಬುದು ಮೊದಲ ಅರ್ಧ ಗಂಟೆ ಖುಷಿ ಕೊಟ್ಟಿತು. ಆಮೇಲೆ ಬಿಸಿಲೇರಿ, ಅವರ ಬಗ್ಗೆಯಾಗಲಿ ಮುಂದಿದ್ದವರ ಬಗ್ಗೆಯಾಗಲಿ ಯೋಚಿಸಲು ಪುರುಸೊತ್ತಿರಲಿಲ್ಲ. "ಮೆಡಲ್ ಕೊಟ್ಟರಂತಲ್ಲ, ಎಷ್ಟನೇ ಸ್ಥಾನ ರೀ?" ಎಂದು ನನ್ನಾಕೆ ಫೋನಿನಲ್ಲಿ ಕೇಳಿದಾಗ ಉತ್ತರ ಹೇಳುವುದು ಕಷ್ಟವಾಯಿತು. ಓಡಿ ಮುಗಿಸಿದವರಿಗೆಲ್ಲ ಕೊಡುತ್ತಾರೆ ಎಂದರೆ ಅದೆಂಥ ಮೆಡಲ್ಲು!

ಆ ವರ್ಷ ಡಿಸೆಂಬರಿನ ಪೋಷಕರ ಸಭೆಗೆ ಬಂದ ಒಬ್ಬ ತಂದೆಯ ವಿಷಯ ಹೇಳದೆ ಈ ಲೆಕ್ಕ ಮುಗಿಯುವುದಿಲ್ಲ. ಅವರು ತೆಂಗಿನಕಾಯಿ ಸುಲಿಯುವವರು, ಮಗ ಒಂಬತ್ತನೇ ತರಗತಿ. ವಿಜ್ಞಾನದ ಕಿರುಪರೀಕ್ಷೆಯಲ್ಲಿ 25ಕ್ಕೆ 12. "ಇವನ ಚಿಕ್ಕಪ್ಪನ ಮಗಳು ಇಪ್ಪತ್ಮೂರು ತಗೊಂಡವ್ಳೆ ಸಾರ್. ಇವನ ಕೈಲಾಗಲ್ಲ. ಹತ್ತನೇ ಕ್ಲಾಸಿಗೆ ಕಳಿಸೋದು ಬ್ಯಾಡ, ನಂಜೊತೆ ಕೆಲಸಕ್ಕೆ ಬರ್ಲಿ" ಎಂದರು. ಹುಡುಗ ಪಕ್ಕದಲ್ಲಿ ನಿಂತು ನೆಲ ನೋಡುತ್ತಿದ್ದ.

ಅಂಕಪಟ್ಟಿಯಲ್ಲಿ ಇರುವುದು ಆ ದಿನ ಹುಡುಗ ಎಲ್ಲಿದ್ದ ಎಂಬುದು ಮಾತ್ರ. ಎಲ್ಲಿಂದ ಹೊರಟ ಎಂಬುದಕ್ಕೆ ಅದರಲ್ಲಿ ಕಾಲಮ್ಮೇ ಇಲ್ಲ. ನಾನು ಅವನ ಹಿಂದಿನ ಪರೀಕ್ಷೆಗಳ ಅಂಕ ತೆಗೆದೆ. 6, 9, 8, 12. ಒಂದು ಗ್ರಾಫ್ ಹಾಳೆಯಲ್ಲಿ ನಾಲ್ಕು ಚುಕ್ಕೆ ಇಟ್ಟು ತಂದೆಗೆ ತೋರಿಸಿದೆ. ಅವರಿಗೆ ಗ್ರಾಫು ಮುಖ್ಯವಾಗಿ ಕಾಣಲಿಲ್ಲ. ನಮ್ಮ ಸೀಮೆಯಲ್ಲಿ ಉಂಡೆ ಕೊಬ್ಬರಿ ಮಾಡುವುದು ಹೇಗೆಂದು ಅವರಿಗೆ ನಾನು ಹೇಳಬೇಕಾಗಿಲ್ಲವಲ್ಲ. ಬಲಿತ ಕಾಯನ್ನು ಸಿಪ್ಪೆಯ ಸಮೇತ ಅಟ್ಟಕ್ಕೆ ಹಾಕಿದರೆ ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪು ಬಿಟ್ಟು ಗಿಟಕಾಗುವುದಕ್ಕೆ ಹತ್ತಿರ ಹತ್ತಿರ ಒಂದು ವರ್ಷ. "ಮೂರು ತಿಂಗಳಿಗೇ ಒಡೆದು ನೋಡ್ತೀರಾ?" ಎಂದೆ.

ಅವರು ನಕ್ಕರು. ಆದರೆ ಸೋಲಲಿಲ್ಲ. "ಕೆಲವು ಕಾಯಿ ಅಟ್ಟದಲ್ಲೇ ಕೊಳೀತವೆ ಸಾರ್" ಎಂದರು.

ಈ ಮಾತನ್ನು ನಾನು ತಳ್ಳಿಹಾಕಲಾರೆ. ನಿಧಾನ ಬೇರೆ, ನಿಂತುಬಿಡುವುದು ಬೇರೆ. ಗೆರೆ ತಿಂಗಳಾನುಗಟ್ಟಲೆ ಏಳದಿದ್ದರೆ 'ಅವನು ನಿಧಾನ' ಎಂದು ಸುಮ್ಮನಿರುವುದು ಮೇಷ್ಟ್ರಿಗೂ ತಂದೆತಾಯಿಗೂ ಅನುಕೂಲದ ಸೋಮಾರಿತನವಾಗುತ್ತದೆ. ಕಣ್ಣು ತೋರಿಸಬೇಕು, ಕಿವಿ ತೋರಿಸಬೇಕು, ಬೆಳಿಗ್ಗೆ ತಿಂದು ಬರುತ್ತಾನೋ ಇಲ್ಲವೋ ಕೇಳಬೇಕು. ಕನ್ನಡಕ ಹಾಕಿದ ಒಂದೇ ತಿಂಗಳಿಗೆ ಮೂರನೇ ಬೆಂಚಿನಿಂದ ಕೈ ಎತ್ತತೊಡಗಿದವರನ್ನು ನಾನು ನೋಡಿದ್ದೇನೆ. ಅಟ್ಟಕ್ಕೆ ಹಾಕಿದ ರೈತನೂ ಮಲಗಿಬಿಡುವುದಿಲ್ಲ. ನಡುನಡುವೆ ಹತ್ತಿ ನೋಡುತ್ತಾನೆ, ಕಾಯಿ ಅಲುಗಿಸಿ ಕಿವಿಗೊಡುತ್ತಾನೆ. ಈ ಹುಡುಗನ ಗೆರೆಯೇನೋ ಏಳುತ್ತಿತ್ತು. ಆರರಿಂದ ಹನ್ನೆರಡಕ್ಕೆ ಬರುವುದೆಂದರೆ ಇದ್ದದ್ದು ಎರಡರಷ್ಟಾದಂತೆ. ಇಪ್ಪತ್ತೊಂದರಿಂದ ಇಪ್ಪತ್ಮೂರಕ್ಕೆ ಹೋದವರಿಗೆ ಸಿಗುವ ಚಪ್ಪಾಳೆಯಲ್ಲಿ ಒಂದನ್ನಾದರೂ ಅವನಿಗೆ ಕೊಡಬಾರದೆ? ತಂದೆ ಕೊನೆಗೆ, "ನೋಡಾನ ಸಾರ್, ಒಂದ್ವರ್ಷ" ಎಂದು ಆ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡರು.

ಶಾಲೆಯ ಕನ್ನಡ ಮೇಷ್ಟ್ರಿಗೆ ಈ ಕಥೆ ಹೇಳಿದಾಗ ಅವರು, ಹಳೆಯ ಕನ್ನಡದಲ್ಲಿ 'ನಿಧಾನ'ಕ್ಕೆ ನಿಧಿ, ಹೂತಿಟ್ಟ ಸಂಪತ್ತು ಎಂಬ ಅರ್ಥವಿದೆಯೆಂದು ನಿಘಂಟು ತೆಗೆದು ತೋರಿಸಿದರು. ಅವರು ಬಿಡುವಿನ ಪೀರಿಯಡ್ಡಿನಲ್ಲಿ ಪ್ರತಿಯೊಂದಕ್ಕೂ ನಿಘಂಟು ತೆಗೆಯುವವರು. ಆದರೂ ಆ ಸಂಜೆ ನೋಟುಪುಸ್ತಕದ ರಟ್ಟಿನ ಮೇಲೆ 'ನಿಧಾನ' ಎಂದು ಬರೆದೆ.

ಹುಡುಗ ಈಗ ಹತ್ತನೇ ತರಗತಿಯಲ್ಲಿದ್ದಾನೆ. ಅವನ ಗ್ರಾಫು ಅವನ ಬಳಿಯೇ ಇದೆ, ಚುಕ್ಕೆಗಳನ್ನು ಅವನೇ ಇಡುತ್ತಾನೆ. ಹದಿನಾಲ್ಕು, ಹದಿನೈದು ಎಂದು ಏರುತ್ತಿದ್ದ ಗೆರೆ ಹೋದ ಪರೀಕ್ಷೆಯಲ್ಲಿ 11ಕ್ಕೆ ಇಳಿಯಿತು. ಮುಚ್ಚಿಡುತ್ತಾನೇನೋ ಎಂದುಕೊಂಡಿದ್ದೆ. ಆ ಚುಕ್ಕೆಯನ್ನೂ ಇಟ್ಟು, ಸ್ಟಾಫ್ ರೂಮಿಗೆ ತಂದು ಮೇಜಿನ ಮೇಲೆ ಹರಡಿದ. ಯಾಕೋ ಎಂದೆ. ಒಂದು ತೋಟದಲ್ಲಿ ಕಾಯಿ ಇಳಿಸಿದ್ದರಂತೆ, ಅಪ್ಪನ ಜೊತೆ ಸುಲಿಯುವುದಕ್ಕೆ ನಾಲ್ಕು ದಿನ ಹೋಗಿದ್ದನಂತೆ. ಆ ನಾಲ್ಕು ದಿನ ನಾನು ಮಾಡಿದ್ದು ಬೆಳಕಿನ ವಕ್ರೀಭವನ. ಗಾಜಿನ ಪಟ್ಟಕದ ಪ್ರಯೋಗವನ್ನು ಅವನು ನೋಡಿಯೇ ಇಲ್ಲ. ನಾಡಿದ್ದು ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ಪ್ರಯೋಗಾಲಯದ ಬೀಗದಕೈ ಇಟ್ಟುಕೊಂಡಿರಬೇಕು.